ಎಕೋ ಮಾಡಿಸಲು ಹೊರಟವರಿಗೆ: ಮನೆ ಬಿಡುವ ಮುನ್ನ, ಮಂಚದ ಮೇಲೆ, ರಿಪೋರ್ಟ್ ಕೈಗೆ ಬಂದ ಮೇಲೆ

“ಡಾಕ್ಟರು ಎಕೋ ಮಾಡಿಸಿ ಅಂದ್ರು. ಹೊಟ್ಟೆ ಖಾಲಿ ಇರಬೇಕಾ?” “ಇಸಿಜಿ ಆಗಿದೆ, ಮತ್ತೆ ಎಕೋ ಯಾಕೆ?” “ಇ.ಎಫ್. 55 ಬಂದಿದೆ. ಹೋದ ವರ್ಷ 60 ಇತ್ತು. ಹಾರ್ಟ್ ವೀಕ್ ಆಯ್ತಾ?” ಕಾರವಾರ, ಕುಮಟಾ, ಶಿರಸಿ, ಭಟ್ಕಳ ಕಡೆಯ ಓದುಗರು ಪದೇ ಪದೇ ಕೇಳುವುದು ಇವನ್ನೇ. (ಇ.ಎಫ್. ಅಂದರೆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಅಳತೆ.) ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಮಾಡುವ ಕೋಣೆಯಲ್ಲಿ ದಿನವೂ ಕೆಲಸ ಮಾಡುವವನಾಗಿ ನನಗೂ ಇದನ್ನೆಲ್ಲ ಒಂದೇ ಕಡೆ ಬರೆಯಬೇಕು ಅನಿಸಿತ್ತು. ನಮ್ಮ ಜಿಲ್ಲೆಯಲ್ಲಿ ಒಂದು ಪರೀಕ್ಷೆ ಅಂದರೆ ಎಷ್ಟೋ ಮನೆಗಳಿಗೆ ಒಂದು ದಿನದ ಕೂಲಿ, ಘಟ್ಟದ ಪ್ರಯಾಣ, ಜೊತೆಗೊಬ್ಬರು. ಅಷ್ಟು ಖರ್ಚು ಮಾಡಿ ಬಂದ ಮೇಲೆ ಆ ಅರ್ಧ ಗಂಟೆಯ ಪೂರ್ತಿ ಉಪಯೋಗ ನಿಮಗೆ ಸಿಗಲೇಬೇಕು.

ಮೊದಲೇ ಒಂದು ಎಚ್ಚರಿಕೆ. ಈಗಲೇ ಎದೆ ಹಿಂಡಿದ ಹಾಗೆ ನೋವು, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಇದ್ದರೆ ಎಕೋ ಎಲ್ಲಿ ಮಾಡುತ್ತಾರೆ ಅಂತ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಆಗುವ ದೊಡ್ಡ ಹೃದಯಾಘಾತ ಅಂತ ಇಸಿಜಿಯಲ್ಲಿ ಕಂಡರೆ, ಆ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲು ಸರ್ಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಇದೆ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಎಕೋ ಆಮೇಲೆ ಆಗುತ್ತದೆ.

ಹಂತ 1: ಎಕೋ ಏನು ತೋರಿಸುತ್ತದೆ ಅಂತ ತಿಳಿದುಕೊಳ್ಳಿ

ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ತತ್ವವೇ ಇಲ್ಲೂ ಇದೆ. ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಎದೆಯೊಳಗೆ ಕಳಿಸಿ, ವಾಪಸ್ ಬಂದ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತಾರೆ. ಎಕ್ಸ್‌ರೇ ಥರ ವಿಕಿರಣ ಇಲ್ಲ. ಬಸುರಿಯರಿಗೆ, ಮಕ್ಕಳಿಗೆ ಧೈರ್ಯವಾಗಿ ಮಾಡಿಸಬಹುದು.

ಇಸಿಜಿ ಹೃದಯದ ವಿದ್ಯುತ್ತನ್ನು ಬರೆಯುತ್ತದೆ. ಎಕೋ ಹೃದಯ ಕೆಲಸ ಮಾಡುವುದನ್ನು ನೇರವಾಗಿ ತೋರಿಸುತ್ತದೆ. ಸ್ನಾಯು ಎಷ್ಟು ಬಿಗಿಯಾಗಿ ಹಿಂಡುತ್ತಿದೆ, ಗೋಡೆ ಎಷ್ಟು ದಪ್ಪ, ಕೋಣೆಗಳು ಹಿಗ್ಗಿವೆಯಾ, ನಾಲ್ಕು ಕವಾಟಗಳು ಸರಿಯಾಗಿ ತೆರೆದು ಮುಚ್ಚುತ್ತಿವೆಯಾ, ಹೃದಯದ ಸುತ್ತ ನೀರು ನಿಂತಿದೆಯಾ, ಇಷ್ಟೂ ಕಾಣುತ್ತದೆ. ಕವಾಟದ ಕೆಲಸ ಅರ್ಥವಾಗಬೇಕಾದರೆ ತೋಟದ ಪಂಪಿನ ಫುಟ್‌ವಾಲ್ವ್ ನೆನಪಿಸಿಕೊಳ್ಳಿ. ನೀರನ್ನು ಮೇಲಕ್ಕೆ ಬಿಡಬೇಕು, ಹಿಂದಕ್ಕೆ ಬಿಡಬಾರದು. ತೆರೆಯುವ ಬಾಯಿ ಕಿರಿದಾದರೆ ಅದು ‘ಸ್ಟೆನೋಸಿಸ್’. ಮುಚ್ಚಿದಾಗಲೂ ಹಿಂದಕ್ಕೆ ಸೋರಿದರೆ ‘ರಿಗರ್ಜಿಟೇಶನ್’, ಆಡುಮಾತಿನಲ್ಲಿ ಲೀಕ್.

ಸಾಮಾನ್ಯ ಎಕೋ ತೋರಿಸದೇ ಇರುವುದು ಒಂದಿದೆ, ಜನ ಎಡವುವುದೂ ಅಲ್ಲೇ. ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿರುವ ಬ್ಲಾಕ್ ಇದರಲ್ಲಿ ಕಾಣುವುದಿಲ್ಲ. ಬ್ಲಾಕ್‌ನಿಂದ ಸ್ನಾಯುವಿಗೆ ಏಟು ಬಿದ್ದಿದ್ದರೆ ಆ ಏಟು ಕಾಣುತ್ತದೆ, ಅಷ್ಟೇ. ‘ಎಕೋ ನಾರ್ಮಲ್ ಇದೆ, ಆದ್ದರಿಂದ ಬ್ಲಾಕ್ ಇಲ್ಲ’ ಅಂತ ತೀರ್ಮಾನಿಸಿ ನಡೆಯುವಾಗ ಬರುವ ಎದೆನೋವನ್ನು ಕಡೆಗಣಿಸಬೇಡಿ.

ಹಂತ 2: ಚೀಟಿಯಲ್ಲಿ ಯಾವ ಎಕೋ ಬರೆದಿದ್ದಾರೆ ನೋಡಿ

ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋ: ಉಪವಾಸ ಬೇಡ. ತಿಂಡಿ ತಿಂದು, ದಿನದ ಮಾತ್ರೆ ತೆಗೆದುಕೊಂಡು ಬನ್ನಿ. ಬಿಪಿ ಮಾತ್ರೆ ಬಿಟ್ಟು ಬರುವವರು ಜಾಸ್ತಿ. ಹಾಗೆ ಮಾಡಬೇಡಿ. ಬಿಪಿ ಏರಿದ್ದಾಗ ಕವಾಟದ ಲೀಕ್ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು.

ಸ್ಟ್ರೆಸ್ ಎಕೋ: ನಡೆಸಿ, ಅಥವಾ ಇಂಜೆಕ್ಷನ್ ಕೊಟ್ಟು ಹೃದಯದ ಬಡಿತ ಏರಿಸಿ ನೋಡುವುದು. ಬ್ಲಾಕ್‌ನ ಸುಳಿವು ಇದರಲ್ಲಿ ಸಿಗುತ್ತದೆ. ಇದಕ್ಕೆ ಕೆಲವು ಗಂಟೆ ಹೊಟ್ಟೆ ಖಾಲಿ ಇರಬೇಕು. ಚಹಾ, ಕಾಫಿ, ತಂಬಾಕು ಹಾಕಿದ ಕವಳ ಬೇಡ. ಬಡಿತ ತಗ್ಗಿಸುವ ಮಾತ್ರೆಗಳನ್ನು ಕೆಲವೊಮ್ಮೆ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಅವರು ಹೇಳಿದರೆ ಮಾತ್ರ ನಿಲ್ಲಿಸಿ.

ಟಿ.ಇ.ಇ.: ಅನ್ನನಾಳದೊಳಗೆ ಸಣ್ಣ ನಳಿಗೆ ಇಳಿಸಿ ಹೃದಯದ ಹಿಂಬದಿಯಿಂದ ನೋಡುವ ಎಕೋ. ಬಲೂನ್ ಹಾಕಿ ಕವಾಟ ಬಿಡಿಸುವ ಮುನ್ನ, ಎಡ ಮೇಲ್ಕೋಣೆಯಲ್ಲಿ ರಕ್ತದ ಗಡ್ಡೆ ಇದೆಯಾ ಅಂತ ನೋಡಲು ಇದು ಬೇಕಾಗುತ್ತದೆ. ಹಿಂದಿನ ಸುಮಾರು 6 ಗಂಟೆ ಏನೂ ತಿನ್ನಬಾರದು. ನೀರನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ. ಹಲ್ಲಿನ ಸೆಟ್ ತೆಗೆಯಬೇಕು. ಬಾಯಲ್ಲಿ ಕವಳದ ಚೂರೂ ಉಳಿದಿರಬಾರದು. ನುಂಗಲು ಕಷ್ಟವಾಗುತ್ತಿದ್ದರೆ ಮೊದಲೇ ಹೇಳಿ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸುವುದರಿಂದ, ಅದು ಇಳಿಯುವವರೆಗೆ ನೀರು ಕುಡಿದರೂ ಶ್ವಾಸನಾಳಕ್ಕೆ ಹೋಗಬಹುದು. ಆಸ್ಪತ್ರೆಯವರು ಹೇಳುವ ತನಕ ಕಾಯಿರಿ. ಮಂಪರು ಬರಿಸಿರುತ್ತಾರೆ, ಆ ದಿನ ಬೈಕ್ ಓಡಿಸುವ ಹಾಗಿಲ್ಲ. ಶುಗರ್ ಇರುವವರು ಆ ಬೆಳಿಗ್ಗೆಯ ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಕೇಳಿ.

ಹಂತ 3: ಎಲ್ಲಿ, ಯಾವ ದಿನ

ಹೊರಡುವ ಮುನ್ನ ಫೋನ್ ಮಾಡಿ. ಯಂತ್ರ ಇದೆ ಅಂದ ಮಾತ್ರಕ್ಕೆ ಎಕೋ ಮಾಡುವವರು ಆ ದಿನ ಇರುತ್ತಾರೆ ಅಂತಲ್ಲ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರಲಿ, ತಾಲೂಕು ಕೇಂದ್ರದ ಖಾಸಗಿ ಆಸ್ಪತ್ರೆ ಇರಲಿ, ಎರಡು ಮಾತು ಕೇಳಿ: ಎಕೋ ಯಾವ ದಿನ, ಎಷ್ಟು ಗಂಟೆಗೆ? ನೋಡುವವರು ಹೃದಯ ತಜ್ಞರಾ, ಫಿಸಿಶಿಯನ್ನಾ, ಟೆಕ್ನಿಶಿಯನ್ನಾ? ತರಬೇತಿ ಪಡೆದ ಟೆಕ್ನಿಶಿಯನ್ ತೆಗೆದ ಎಕೋದಲ್ಲಿ ತಪ್ಪೇನೂ ಇಲ್ಲ. ಆದರೆ ರಿಪೋರ್ಟಿಗೆ ಸಹಿ ಹಾಕುವ ವೈದ್ಯರು ಚಿತ್ರಗಳನ್ನು ನೋಡಿರಬೇಕು.

ಮೊದಲ ಎಕೋಗೆ ಎಲ್ಲರೂ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡಬೇಕಾಗಿಲ್ಲ. ಸ್ನಾಯು ವೀಕ್ ಇದೆಯಾ, ಕವಾಟದಲ್ಲಿ ದೊಡ್ಡ ದೋಷ ಇದೆಯಾ ಅಂತ ತಿಳಿಯಲು ಹತ್ತಿರದ ಊರಿನ ಎಕೋ ಸಾಕು. ಆಪರೇಷನ್ ಬೇಕಾ, ಬಲೂನ್ ಸಾಧ್ಯವಾ ಅನ್ನುವ ಹಂತಕ್ಕೆ ಬಂದಾಗ ದೊಡ್ಡ ಆಸ್ಪತ್ರೆಯವರು ತಾವೇ ಇನ್ನೊಮ್ಮೆ ನೋಡುತ್ತಾರೆ. ಆಯುಷ್ಮಾನ್ ಕಾರ್ಡ್ ಇರುವವರು ಒಂದು ವಿಷಯ ಗಮನಿಸಿ. ಹೊರರೋಗಿಯಾಗಿ ಮಾಡಿಸುವ ಎಕೋ ಖರ್ಚು ಯೋಜನೆಯಲ್ಲಿ ಬರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಮುಂದೆ ಚಿಕಿತ್ಸೆ ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಬಹುದು, ಅದಕ್ಕೂ ತಯಾರಿರಿ.

ಹಂತ 4: ಚೀಲದಲ್ಲಿ ಏನಿರಬೇಕು

ಹಳೆ ಎಕೋ ರಿಪೋರ್ಟ್ ಎಲ್ಲಕ್ಕಿಂತ ಮುಖ್ಯ. ಕವಾಟದ ಕಾಯಿಲೆಯಲ್ಲಿ ಇವತ್ತಿನ ಸಂಖ್ಯೆಗಿಂತ, ಹೋದ ಸಲದಿಂದ ಇವತ್ತಿಗೆ ಎಷ್ಟು ಬದಲಾಯಿತು ಅನ್ನುವುದು ಜಾಸ್ತಿ ಹೇಳುತ್ತದೆ. ಹಳೆಯ ಹಾಳೆ ಮಾಸುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಇಸಿಜಿ, ಈಗ ತಿನ್ನುವ ಮಾತ್ರೆಗಳ ಪಟ್ಟಿ, ಡಾಕ್ಟರ ಚೀಟಿ ತನ್ನಿ. ಚೀಟಿಯಲ್ಲಿ ಬರೀ ‘ಎಕೋ’ ಅಂತಿದ್ದರೆ, ಯಾಕೆ ಬರೆದಿರಿ ಅಂತ ಕೇಳಿ ಒಂದು ಸಾಲು ಬರೆಸಿಕೊಳ್ಳಿ: ಏದುಸಿರು, ಎದೆಯಲ್ಲಿ ಮರ್ಮರ್ ಶಬ್ದ, ತಲೆಸುತ್ತಿ ಬಿದ್ದದ್ದು, ಹೀಗೆ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ನೋಡುವವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಕವಾಟ ಬದಲಿಸಿಕೊಂಡವರು ವಾಲ್ವ್ ಕಾರ್ಡ್ ಬಿಟ್ಟು ಬರಲೇಬೇಡಿ. ಯಾವ ಜಾತಿಯ ವಾಲ್ವ್, ಎಷ್ಟನೇ ಸೈಜು ಅನ್ನುವುದು ಅದರಲ್ಲಿರುತ್ತದೆ. ಅದಿಲ್ಲದೆ, ವಾಲ್ವ್ ಮೂಲಕ ರಕ್ತ ಹೋಗುವ ವೇಗ ಆ ವಾಲ್ವಿಗೆ ಸಹಜವೋ ಜಾಸ್ತಿಯೋ ಹೇಳುವುದು ಕಷ್ಟ.

ಬಟ್ಟೆ ಮುಂದೆ ಗುಂಡಿ ಇರುವಂಥದ್ದು ಹಾಕಿ. ಜೆಲ್ ಒರೆಸಲು ಒಂದು ಟವೆಲ್ ಇರಲಿ. ಕರಿಮಣಿ ತೆಗೆಯಬೇಕಿಲ್ಲ, ಬೆನ್ನಿನ ಕಡೆ ಹಾಕಿಕೊಂಡರೆ ಸಾಕು. ಹೆಣ್ಣುಮಕ್ಕಳು ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಅಥವಾ ಮನೆಯವರು ಇರಲಿ ಅಂತ ಕೇಳಬಹುದು. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಎದೆಯ ಮೇಲೆ ಬಟ್ಟೆ ಹೊದಿಸಿಕೊಂಡೇ ಈ ಪರೀಕ್ಷೆ ಮಾಡಲು ಬರುತ್ತದೆ.

ದೇವಿಮನೆ ಘಟ್ಟ ಇಳಿದು ಬಸ್ಸಿನಿಂದ ನೇರ ಮಂಚಕ್ಕೆ ಬರಬೇಡಿ. ವಾಂತಿ, ಸುಸ್ತು, ಗಾಬರಿ ಎಲ್ಲ ಸೇರಿ ಬಡಿತ, ಬಿಪಿ ಎರಡೂ ಏರಿರುತ್ತವೆ. ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಬಿಪಿ ನೋಡಿಸಿ. ಆ ಬಿಪಿಯನ್ನು ರಿಪೋರ್ಟಿನ ಮೇಲೆಯೇ ಬರೆಯಲು ಹೇಳಿ. ಮುಂದಿನ ಸಲ ಹೋಲಿಸುವವರಿಗೆ ಅದು ಬಹಳ ಕೆಲಸಕ್ಕೆ ಬರುತ್ತದೆ.

ಹಂತ 5: ಮಂಚದ ಮೇಲೆ

ಎದೆಗೆ ಮೂರು ಸ್ಟಿಕ್ಕರ್ ಅಂಟಿಸುತ್ತಾರೆ, ಅದು ಬಡಿತದ ಗೆರೆಗೆ. ಎಡ ಮಗ್ಗುಲಿಗೆ ಮಲಗಿ, ಎಡಗೈ ತಲೆಯ ಕೆಳಗೆ ಇಟ್ಟುಕೊಳ್ಳಲು ಹೇಳುತ್ತಾರೆ. ಹಾಗೆ ಮಲಗಿದಾಗ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬುಗಳ ನಡುವಿನ ಸಂದೂ ಅಗಲವಾಗುತ್ತದೆ. ಶಬ್ದ ಮೂಳೆಯನ್ನೂ ಗಾಳಿಯನ್ನೂ ದಾಟಿ ಸರಿಯಾಗಿ ಹೋಗಲಾರದು. ತಣ್ಣಗಿನ ಜೆಲ್ ಹಚ್ಚುವುದು ಪ್ರೋಬ್ (ಶಬ್ದ ಕಳಿಸಲು ಎದೆಗೆ ಒತ್ತಿ ಹಿಡಿಯುವ ಕೈಸಾಧನ) ಮತ್ತು ಚರ್ಮದ ನಡುವೆ ಗಾಳಿ ಉಳಿಯದಿರಲಿ ಅಂತ. “ಉಸಿರು ಬಿಟ್ಟು ಹಿಡಿಯಿರಿ” ಅನ್ನುವುದು ಶ್ವಾಸಕೋಶದ ಗಾಳಿ ಅಡ್ಡ ಬಾರದಿರಲಿ ಅಂತ. ಅಸ್ತಮಾ ಇರುವವರು, ಬೀಡಿ ಸೇದಿ ಎದೆ ಉಬ್ಬಿದವರು, ದಪ್ಪ ಇರುವವರಲ್ಲಿ ಚಿತ್ರ ಮಸುಕಾಗುವುದು ಇದೇ ಕಾರಣಕ್ಕೆ. ರಿಪೋರ್ಟಿನಲ್ಲಿ ‘ಪೂರ್ ವಿಂಡೋ’ ಅಂತ ಬರೆದಿದ್ದರೆ ಅದರ ಅರ್ಥ ಇಷ್ಟೇ: ಚಿತ್ರ ಚೆನ್ನಾಗಿ ಬರಲಿಲ್ಲ, ಅಳತೆಗಳನ್ನು ಅಷ್ಟೊಂದು ಗಟ್ಟಿಯಾಗಿ ಹಿಡಿಯಬೇಡಿ.

ಪ್ರೋಬ್ ನಾಲ್ಕು ಜಾಗಕ್ಕೆ ಹೋಗುತ್ತದೆ. ಎದೆಮೂಳೆಯ ಎಡ ಪಕ್ಕ, ಎಡ ಸ್ತನದ ಕೆಳಗೆ, ಎದೆಮೂಳೆ ಮುಗಿಯುವಲ್ಲಿ ಹೊಟ್ಟೆಯ ಮೇಲ್ಭಾಗ, ಕತ್ತಿನ ಕೆಳಗಿನ ಗುಳಿ. ಪಕ್ಕೆಲುಬಿನ ಮೇಲೆ ಸ್ವಲ್ಪ ಒತ್ತಿದ ಹಾಗಾಗುತ್ತದೆ, ನೋವಾದರೆ ಹೇಳಿ. ನಡುವೆ ‘ಹುಶ್ ಹುಶ್’ ಅಂತ ಶಬ್ದ ಕೇಳುತ್ತದೆ. ಅದು ಡಾಪ್ಲರ್, ಅಂದರೆ ರಕ್ತದ ವೇಗ ಅಳೆಯುವ ವಿಧಾನ. ತೆರೆಯ ಮೇಲೆ ಕೆಂಪು, ನೀಲಿ ಬಣ್ಣ ಕಂಡು ‘ನೀಲಿ ಅಂದರೆ ಕೆಟ್ಟ ರಕ್ತ’ ಅಂತ ತುಂಬ ಜನ ಹೆದರುತ್ತಾರೆ. ಹಾಗಲ್ಲ. ಸಾಮಾನ್ಯವಾಗಿ ಪ್ರೋಬಿನ ಕಡೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವುದಕ್ಕೆ ನೀಲಿ. ಬರೀ ದಿಕ್ಕಿನ ಗುರುತು ಅದು.

ಎಲ್ಲ ಸೇರಿ 20ರಿಂದ 40 ನಿಮಿಷ. ಒಂದೇ ಜಾಗದಲ್ಲಿ ತುಂಬ ಹೊತ್ತು ನೋಡಿದರೆ ಏನೋ ಗಂಭೀರ ಸಿಕ್ಕಿದೆ ಅಂತ ಲೆಕ್ಕ ಹಾಕಬೇಡಿ. ನಾಡಿ ಏರುಪೇರಾಗಿ ಓಡುವವರಲ್ಲಿ ಒಂದೊಂದು ಬಡಿತವೂ ಬೇರೆ ಬೇರೆ ಇರುತ್ತದೆ. ಹಲವು ಬಡಿತ ಅಳೆದು ಸರಾಸರಿ ತೆಗೆಯಬೇಕಾಗುತ್ತದೆ. ಎರಡೇ ನಿಮಿಷದಲ್ಲಿ ಮುಗಿಸಿ ‘ಎಲ್ಲಾ ನಾರ್ಮಲ್’ ಅಂದರೆ ಮಾತ್ರ ಕವಾಟಗಳನ್ನು ಡಾಪ್ಲರ್‌ನಲ್ಲಿ ನೋಡಿದಿರಾ ಅಂತ ಕೇಳಿ.

ಹಂತ 6: ರಿಪೋರ್ಟಿನಲ್ಲಿ ಸ್ನಾಯುವಿನ ಭಾಗ

ಎಲ್ಲರ ಕಣ್ಣು ಮೊದಲು ಹೋಗುವುದು ಎಲ್.ವಿ.ಇ.ಎಫ್. ಅಥವಾ ಇ.ಎಫ್. ಮೇಲೆ. ಎಡ ಕೆಳಕೋಣೆಯಲ್ಲಿ 100 ಮಿ.ಲೀ. ರಕ್ತ ತುಂಬಿ, ಒಂದು ಬಡಿತಕ್ಕೆ 60 ಮಿ.ಲೀ. ಹೊರಗೆ ಹೋದರೆ ಇ.ಎಫ್. 60. ಗಂಡಸರಲ್ಲಿ 52ರಿಂದ 72, ಹೆಂಗಸರಲ್ಲಿ 54ರಿಂದ 74 ಸಹಜ ಅಂತ ಈಗ ಹಿಡಿಯುತ್ತಾರೆ. 40ಕ್ಕಿಂತ ಕೆಳಗೆ ಹೋದರೆ ಸ್ನಾಯು ಸಾಕಷ್ಟು ಸೋತಿದೆ ಅಂತ ಅರ್ಥ. 30ಕ್ಕಿಂತ ಕಡಿಮೆ ಅಂದರೆ ತೀವ್ರ. ನೂರರಲ್ಲಿ 60 ಅಂಕ ಬಂತು, ಇನ್ನು 40 ಹೋಯ್ತು ಅಂತ ಅಳುವವರಿದ್ದಾರೆ. ಇ.ಎಫ್. 100 ಯಾರಿಗೂ ಇರುವುದಿಲ್ಲ.

ಹೋದ ವರ್ಷ 60, ಈ ವರ್ಷ 55. ಇದು ಇಳಿತವಾ? ಬಹುಮಟ್ಟಿಗೆ ಅಲ್ಲ. ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ 5ರಿಂದ 10ರ ವ್ಯತ್ಯಾಸ ಬರುವುದು ಈ ಪರೀಕ್ಷೆಯಲ್ಲಿ ಮಾಮೂಲಿ. ಹೇಗೆ ಅಳೆದರು ಅನ್ನುವುದೂ ಮುಖ್ಯ. ‘ಎಂ-ಮೋಡ್’ ವಿಧಾನ ಹೃದಯದ ಒಂದೇ ಗೆರೆಯನ್ನು ನೋಡಿ ಲೆಕ್ಕ ಹಾಕುತ್ತದೆ. ‘ಸಿಂಪ್ಸನ್’ ವಿಧಾನ ಎರಡು ಕೋನಗಳಿಂದ ಕೋಣೆಯ ಅಂಚನ್ನು ಪೂರ್ತಿ ಬರೆದು ಲೆಕ್ಕ ಹಾಕುತ್ತದೆ. ಹೃದಯಾಘಾತ ಆದವರಲ್ಲಿ ಒಂದು ಗೋಡೆ ಸೋತು ಉಳಿದದ್ದು ಚೆನ್ನಾಗಿರಬಹುದು. ಅಂಥವರಿಗೆ ಎಂ-ಮೋಡ್ ಸಂಖ್ಯೆ ನಂಬಲು ಬರುವುದಿಲ್ಲ, ಸಿಂಪ್ಸನ್ ಕೇಳಿ. ‘ಆರ್.ಡಬ್ಲ್ಯು.ಎಂ.ಎ.’ ಅಂತ ಇದ್ದರೆ ಸ್ನಾಯುವಿನ ಯಾವುದೋ ಒಂದು ಭಾಗ ಸರಿಯಾಗಿ ಅಲುಗುತ್ತಿಲ್ಲ ಅಂತ. ಇ.ಎಫ್. 55 ಇದ್ದರೂ ಈ ನಾಲ್ಕಕ್ಷರ ಕಂಡರೆ ಹೃದಯ ತಜ್ಞರನ್ನು ನೋಡಲೇಬೇಕು.

‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಅಂದರೆ ಹಿಂಡಿದ ಮೇಲೆ ಸ್ನಾಯು ಸಡಿಲವಾಗಲು ಸ್ವಲ್ಪ ನಿಧಾನ. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ತುಂಬ ಸಾಮಾನ್ಯ. ಬಿಪಿ ಹಿಡಿತಕ್ಕೆ ತರುವುದೇ ಅದಕ್ಕೆ ಮೊದಲ ಮದ್ದು. ಗ್ರೇಡ್ 2, 3 ಬೇರೆ ಮಾತು. ಅಲ್ಲಿ ಇ.ಎಫ್. ಚೆನ್ನಾಗಿದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು, ಕಾಲು ಊತ ಬರಬಹುದು. ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರ ರಿಪೋರ್ಟಿನಲ್ಲಿ ‘ಜಿ.ಎಲ್.ಎಸ್. ಮೈನಸ್ 20’ ಅಂತ ಬಂದರೆ ಮೈನಸ್ ನೋಡಿ ಗಾಬರಿ ಬೀಳಬೇಡಿ. ಸ್ನಾಯು ಎಷ್ಟು ಕುಗ್ಗುತ್ತದೆ ಅನ್ನುವ ಅಳತೆ ಅದು, ಮೈನಸ್ 20ರ ಆಸುಪಾಸು ಒಳ್ಳೆಯದೇ.

ಹಂತ 7: ಕವಾಟದ ಭಾಗ

ಟಿ.ಆರ್. ಅಂದರೆ ಬಲಗಡೆಯ ಟ್ರೈಕಸ್ಪಿಡ್ ಕವಾಟದ ಲೀಕ್, ಎಂ.ಆರ್. ಅಂದರೆ ಎಡಗಡೆಯ ಮೈಟ್ರಲ್ ಕವಾಟದ ಲೀಕ್. ‘ಟ್ರಿವಿಯಲ್ ಟಿ.ಆರ್.’, ‘ಟ್ರಿವಿಯಲ್ ಎಂ.ಆರ್.’ ಅನ್ನುವುದು ಲೆಕ್ಕಕ್ಕೆ ಬಾರದಷ್ಟು ಸಣ್ಣ ಲೀಕ್. ಆರೋಗ್ಯವಾಗಿರುವವರಲ್ಲೂ ಕಾಣುತ್ತದೆ. ಇದಕ್ಕಾಗಿ ಮದುವೆ ಮಾತುಕತೆ ನಿಲ್ಲಿಸಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

‘ಸಿವಿಯರ್ ಎಂ.ಆರ್.’ ಇದ್ದಾಗ ಇ.ಎಫ್. ಮೋಸ ಮಾಡುತ್ತದೆ. ಹೃದಯ ಹಿಂಡಿದ ರಕ್ತದ ಒಂದು ಪಾಲು ಮುಂದಕ್ಕೆ ಹೋಗುವ ಬದಲು ಸುಲಭವಾಗಿ ಹಿಂದಕ್ಕೆ ಸೋರುತ್ತಿರುತ್ತದೆ. ಸಂಖ್ಯೆ ಮಾತ್ರ ಚೆಂದ ಬರುತ್ತದೆ. ಹಾಗಾಗಿ ಕವಾಟವೇ ಕೆಟ್ಟು ಆಗಿರುವ ಇಂಥ ತೀವ್ರ ಲೀಕ್‌ನಲ್ಲಿ ಇ.ಎಫ್. 60 ಅಥವಾ ಅದಕ್ಕಿಂತ ಕಡಿಮೆ ಆದರೆ, ಅಥವಾ ಹಿಂಡಿದಾಗಿನ ಕೋಣೆಯ ಅಳತೆ 40 ಮಿ.ಮೀ. ಮುಟ್ಟಿದರೆ, ತೊಂದರೆ ಏನೂ ಅನಿಸದಿದ್ದರೂ ಆಪರೇಷನ್ ಬಗ್ಗೆ ಮಾತಾಡುತ್ತಾರೆ. “58 ಇದೆ, ನಾರ್ಮಲ್ ಅಲ್ವಾ” ಅಂತ ಮನೆಗೆ ಹೋಗಿ ಕೂರುವುದು ಇಲ್ಲಿ ದುಬಾರಿಯಾಗುತ್ತದೆ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ: ಕವಾಟದ ಸಾಲು ಓದದೆ ಇ.ಎಫ್. ಓದಬೇಡಿ.

‘ಎಂ.ಎಸ್.’ ಅಂದರೆ ಎಡಗಡೆಯ ಮೈಟ್ರಲ್ ಕವಾಟ ಕಿರಿದಾಗಿರುವುದು. ನಮ್ಮಲ್ಲಿ ಇದರ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಚಿಕ್ಕಂದಿನಲ್ಲಿ ಬಂದ ಗಂಟಲು ನೋವು, ಆಮೇಲೆ ಕೀಲು ಬಾವು, ವರ್ಷಗಳ ನಂತರ ಕವಾಟದ ಎಲೆಗಳು ದಪ್ಪವಾಗಿ ಅಂಟಿಕೊಳ್ಳುವುದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಸ್ ಮೊದಲ ಎಕೋ ಮಾಡಿದಾಗ ಎಡ್ಲರ್ ಹುಡುಕುತ್ತಿದ್ದದ್ದು ಇದೇ ಮೈಟ್ರಲ್ ದೋಷವನ್ನು. ಕವಾಟದ ಸಹಜ ಬಾಯಿ 4ರಿಂದ 6 ಚದರ ಸೆಂ.ಮೀ. ಈಗಿನ ಲೆಕ್ಕದಲ್ಲಿ 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿವಿಯರ್. ಹಳೆ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಿವಿಯರ್ ಅನ್ನುತ್ತಿದ್ದರು. ಹಾಗಾಗಿ ಹಳೆ ರಿಪೋರ್ಟಿನ ‘ಮಾಡರೇಟ್’, ಹೊಸದರ ‘ಸಿವಿಯರ್’ ಎರಡೂ ಒಂದೇ ಅಳತೆ ಆಗಿರಬಹುದು. ಪದ ಬಿಟ್ಟು ಸಂಖ್ಯೆ ಹೋಲಿಸಿ.

ಬಸುರಿಯಲ್ಲಿ ರಕ್ತದ ಪ್ರಮಾಣ ಏರುವುದರಿಂದ, ಅಲ್ಲಿಯವರೆಗೆ ಸುಮ್ಮನಿದ್ದ ಎಂ.ಎಸ್. ಒಮ್ಮೆಲೇ ಏದುಸಿರು ತರುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿ ಎದ್ದು ಕೂರಬೇಕಾಗುತ್ತದೆ ಅಂದರೆ ‘ಬಸುರಿಗೆ ಇದೆಲ್ಲ ಇದ್ದದ್ದೇ’ ಅನ್ನಬೇಡಿ. ಎಕೋ ಮಾಡಿಸಿ. ರುಮ್ಯಾಟಿಕ್ ಅಂತ ಗೊತ್ತಾದ ಮಕ್ಕಳಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆಯುತ್ತಾರೆ. ಎಕೋ ಚೆನ್ನಾಗಿ ಬಂತು ಅಂತ ಅದನ್ನು ನೀವೇ ನಿಲ್ಲಿಸಬೇಡಿ. ಚೆನ್ನಾಗಿ ಬಂದದ್ದರಲ್ಲಿ ಆ ಇಂಜೆಕ್ಷನ್ನಿನ ಪಾಲೂ ಇರುತ್ತದೆ.

‘ಎ.ಎಸ್.’ ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು ಕಿರಿದಾಗಿರುವುದು. ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಹೆಚ್ಚು, ‘ಮೀನ್ ಗ್ರೇಡಿಯಂಟ್’ (ಕವಾಟದ ಎರಡು ಬದಿಯ ಒತ್ತಡದ ಸರಾಸರಿ ವ್ಯತ್ಯಾಸ) 40 ಅಥವಾ ಹೆಚ್ಚು, ಬಾಯಿ 1 ಚದರ ಸೆಂ.ಮೀ. ಅಥವಾ ಕಡಿಮೆ: ಇವು ತೀವ್ರತೆಯ ಗುರುತುಗಳು. ಸ್ನಾಯು ಸೋತಿದ್ದರೆ ತಳ್ಳುವ ಬಲವೇ ಇರುವುದಿಲ್ಲ, ಆಗ ವೇಗ ಕಡಿಮೆ ಬಂದು ಕಾಯಿಲೆ ಸಣ್ಣದು ಅನಿಸಬಹುದು. ತೀವ್ರ ಎ.ಎಸ್. ಇರುವವರು ಶ್ರಮ ಮಾಡುವಾಗ ತಲೆಸುತ್ತಿ ಬೀಳುತ್ತಾರೆ. ಕೊನೆ ತೆಗೆಯಲು ಅಡಿಕೆ ಮರ ಹತ್ತುವವರಿಗೆ, ದೋಣಿಯಲ್ಲಿ ಬಲೆ ಎಳೆಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ರಿಪೋರ್ಟಿನಲ್ಲಿ ಸಿವಿಯರ್ ಎ.ಎಸ್. ಅಂತ ಕಂಡರೆ, ಹೃದಯ ತಜ್ಞರು ಹೇಳುವ ತನಕ ಮರಕ್ಕೂ ಬೇಡ, ಕಡಲಿಗೂ ಬೇಡ. ‘ಈ ಸುಗ್ಗಿ ಒಂದು ಮುಗಿಸಿ ಹೋಗ್ತೆ’ ಅನ್ನುವ ಮಾತು ಬೇಡವೇ ಬೇಡ.

ಹಂತ 8: ಮುಂದಿನ ಎಕೋ ಯಾವಾಗ

ಕವಾಟದ ದೋಷ ಮೈಲ್ಡ್ ಇದ್ದರೆ 3ರಿಂದ 5 ವರ್ಷಕ್ಕೊಮ್ಮೆ, ಮಾಡರೇಟ್ ಇದ್ದರೆ 1ರಿಂದ 2 ವರ್ಷಕ್ಕೊಮ್ಮೆ, ಸಿವಿಯರ್ ಇದ್ದು ಆಪರೇಷನ್ ಆಗಿಲ್ಲದಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಇದು ಸಾಮಾನ್ಯ ಲೆಕ್ಕ, ನಿಮ್ಮ ಡಾಕ್ಟರು ಹೇಳಿದ್ದೇ ಅಂತಿಮ. ಹೊಸದಾಗಿ ಏದುಸಿರು, ಕಾಲು ಊತ, ತಲೆಸುತ್ತು ಬಂದರೆ ಈ ಲೆಕ್ಕ ಬಿಟ್ಟು ಕೂಡಲೇ ಹೋಗಿ. ಏನೂ ತೊಂದರೆ ಇಲ್ಲದೆ, ಬರೀ ಮನಸ್ಸಿನ ಸಮಾಧಾನಕ್ಕೆ ಆರಾರು ತಿಂಗಳಿಗೆ ಎಕೋ ಮಾಡಿಸುವುದು ದುಡ್ಡು ದಂಡ. 57, 62, 55 ಅಂತ ಸಂಖ್ಯೆ ಓಲಾಡುವುದನ್ನು ನೋಡಿ ನಿದ್ದೆ ಕೆಡುವುದೊಂದೇ ಲಾಭ.

ಸಾಧ್ಯವಾದಷ್ಟು ಒಂದೇ ಕಡೆ, ಒಬ್ಬರೇ ಮಾಡಿದರೆ ಹೋಲಿಕೆ ಸುಲಭ. ಚಿತ್ರಗಳನ್ನು ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ದೊಡ್ಡ ಆಸ್ಪತ್ರೆಯವರಿಗೆ ಬರೀ ಅಕ್ಷರಕ್ಕಿಂತ ಚಿತ್ರ ಹೆಚ್ಚು ಉಪಯೋಗ.

ವರ್ಷಕ್ಕೊಮ್ಮೆ ಮಾಡಿಸುವ ಎಕೋವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನೆನಪಿದೆಯಲ್ಲ. ಘಟ್ಟದ ರಸ್ತೆಗಳ ಕತೆಯೂ ಅದೇ. ಏಪ್ರಿಲ್, ಮೇ ಒಳಗೆ ಮುಗಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ತಿನ್ನುವ ವಾಲ್ವ್ ರೋಗಿಗಳು ಅದೇ ಸಲ, ಜೂನ್ ಶುರುವಾಗುವ ಮುಂಚೆ, ಮಳೆಯಲ್ಲಿ ರಸ್ತೆ ಕಡಿದರೆ ಐ.ಎನ್.ಆರ್. ಪರೀಕ್ಷೆಯನ್ನು (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವುದು) ಹತ್ತಿರದಲ್ಲಿ ಎಲ್ಲಿ ಮಾಡಿಸಬಹುದು ಅಂತ ಕೇಳಿಕೊಂಡು, ಎರಡು ತಿಂಗಳ ಮಾತ್ರೆ ಮನೆಯಲ್ಲಿ ಇಟ್ಟುಕೊಳ್ಳಿ.